ಸ್ವಾಗತಿಸಿದರು, ವಂದಿಸಿದರು, ಓಡಿದವರು ಯಾರು?

ನಾನು ಇನ್ನಂಜೆಯವನು. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದೆ. ಆಟೋಟದಲ್ಲಿ ನನ್ನ ಸಾಧನೆ ಎಂದರೆ ಏಳನೇ ಕ್ಲಾಸಿನ ಗೋಣಿಚೀಲ ಓಟದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡದ್ದು. ಅಂಥವನಿಗೆ 2002ರ ಒಂದು ಸ್ಟಾಫ್ ಮೀಟಿಂಗಿನಲ್ಲಿ ಕ್ರೀಡಾ ವಿಭಾಗದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಬಂತು. "ಕನ್ನಡದವರು ನೀವು ಸರ್, ಬರೆಯುವುದೆಲ್ಲ ನಿಮಗೇ ಬಿಟ್ಟದ್ದು" ಎಂದರು ಪ್ರಾಂಶುಪಾಲರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು. ಅಲ್ಲಿಯವರೆಗೆ ಸಂಜೆಯ ಅಭ್ಯಾಸ ಮುಗಿಸಿ, ಕೈಯ ಮಣ್ಣು ಒರೆಸಿಕೊಂಡು ಪ್ರೆಸ್ ನೋಟ್ ಬರೆಯುತ್ತಿದ್ದವರು ಅವರೇ.

ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಕಚೇರಿ, ಸಂಬಳದ ಸಿಬ್ಬಂದಿ ಇರುತ್ತಾರಂತೆ. ಅವರದೇ ಸಂಘವೊಂದು 1957ರಲ್ಲೇ ಹುಟ್ಟಿದೆ. ನನ್ನ ಕಚೇರಿ ಎಂದರೆ ಕ್ರೀಡಾ ಕೊಠಡಿಯ ಮೂಲೆಯ ಒಂದು ಮರದ ಕಪಾಟು. ಅದರ ಮೇಲೆ ಹರಿದ ವಾಲಿಬಾಲ್ ನೆಟ್, ಒಳಗೆ ಪತ್ರಿಕೆ ಕಟಿಂಗಿನ ಒಂದು ಫೈಲು, ಸುತ್ತಲೂ ನೋವಿನ ಎಣ್ಣೆಯ ವಾಸನೆ. ಅಲ್ಲಿ ಹದಿನೆಂಟು ವರ್ಷ ಕಳೆದೆ. ಕಲಿತದ್ದರಲ್ಲಿ ಬಹುಪಾಲು ಪೆಟ್ಟು ತಿಂದು ಕಲಿತದ್ದು. ಈಗ ಆ ಕೆಲಸ ಹೊತ್ತವರಿಗೆ ಒಂದೆರಡು ಪೆಟ್ಟಾದರೂ ಕಡಿಮೆಯಾಗಲಿ ಎಂದು ಇಲ್ಲಿ ಬರೆದಿದ್ದೇನೆ.

1. ಓಡಿದವರು ಮೊದಲು, ವಂದಿಸಿದವರು ಆಮೇಲೆ.

ನನ್ನ ಮೊದಲ ಪ್ರೆಸ್ ನೋಟ್ ಎರಡು ಪುಟದ್ದು. ಉದ್ಘಾಟಕರ ಭಾಷಣದ ಸಾರಾಂಶ, ಅಧ್ಯಕ್ಷರ ಹಿತವಚನ, ವೇದಿಕೆಯಲ್ಲಿದ್ದವರ ಹೆಸರು ಹುದ್ದೆಗಳು, ಯಾರು ಸ್ವಾಗತಿಸಿದರು, ಯಾರು ನಿರೂಪಿಸಿದರು, ಯಾರು ವಂದಿಸಿದರು, ಎಲ್ಲವನ್ನೂ ಪಾಂಗಿತವಾಗಿ ಬರೆದಿದ್ದೆ. ಫಲಿತಾಂಶವನ್ನು ಎರಡನೇ ಪುಟದ ಕೆಳಗೆ ಹಾಕಿದ್ದೆ. ಡೆಸ್ಕಿನಲ್ಲಿ ಕೂತವರಿಗೆ ಜಾಗ ಸಾಲದಿದ್ದಾಗ ಕತ್ತರಿ ಕೆಳಗಿನಿಂದ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮರುದಿನದ ಸುದ್ದಿಯಲ್ಲಿ ವೇದಿಕೆಯ ಏಳು ಮಂದಿ ಹೆಸರು ಸಮೇತ ಇದ್ದರು. ಉದ್ದ ಜಿಗಿತದಲ್ಲಿ ಕೂಟ ದಾಖಲೆ ಮಾಡಿದ ಹುಡುಗಿ ಇರಲಿಲ್ಲ. "ಸರ್, ನಿನ್ನೆ ನಾನು ಜಿಗಿದದ್ದಾ, ಅಧ್ಯಕ್ಷರು ಜಿಗಿದದ್ದಾ?" ಎಂದು ಅವಳು ಕೇಳಿದಳು. ನಗುತ್ತಲೇ ಕೇಳಿದಳು, ಅದಕ್ಕೇ ಹೆಚ್ಚು ಚುಚ್ಚಿತು. ಅಂದಿನಿಂದ ಮೊದಲ ಮೂರು ಸಾಲಿನಲ್ಲಿ ಯಾರು, ಯಾವ ಸ್ಪರ್ಧೆ, ಎಷ್ಟು, ಎಲ್ಲಿ ಎಂಬುದನ್ನು ಮುಗಿಸಿಬಿಡುತ್ತಿದ್ದೆ. ಕತ್ತರಿಗೆ ಆಹಾರವಾಗಿ ಅತಿಥಿಗಳನ್ನು ಕೆಳಗೆ ಕೂರಿಸುತ್ತಿದ್ದೆ. ಆಡಳಿತ ಮಂಡಳಿಯ ಒಬ್ಬರು ಕೆಲವು ತಿಂಗಳು ನನ್ನೊಡನೆ ಮಾತು ಬಿಟ್ಟರು. ಅಷ್ಟು ಬೆಲೆ ತೆರಬೇಕಾಗುತ್ತದೆ.

2. ಹೆಸರನ್ನು ಕಿವಿಯಿಂದ ಬರೆಯಬಾರದು.

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಹೆಸರಿನ ಹಿಂದಿನ ಜಾತಿಸೂಚಕ ಉಪನಾಮ ಬೇಡ ಎಂಬ ಆದರ್ಶ ಆಗ ನನಗಿತ್ತು. ಆದರ್ಶ ಒಳ್ಳೆಯದೇ. ಆದರೆ ಆ ವರ್ಷದ ತಂಡದಲ್ಲಿ ಒಂದೇ ಹೆಸರಿನ ಮೂವರು ಹುಡುಗಿಯರಿದ್ದರು. ಅಜ್ಜರಕಾಡು ಮೈದಾನದಲ್ಲಿ ಮೈಕಿನವರು ಕೂಗಿದ್ದನ್ನು ಕೇಳಿ ಬರೆದುಕೊಂಡೆ. ಇನಿಶಿಯಲ್ ಯಾವುದೆಂದು ಅನುಮಾನ ಬಂದಾಗ ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದೆ. ಅವನಿಗೂ ಅನುಮಾನವೇ, ಆದರೆ ಮೇಷ್ಟ್ರು ಕೇಳಿದ್ದಾರಲ್ಲ, ಏನೋ ಒಂದು ಹೇಳಿದ. ಹೀಗೆ 800 ಮೀಟರ್ ಓಟ ಗೆದ್ದ ಹುಡುಗಿಯ ಚಿತ್ರದ ಕೆಳಗೆ ಆ ದಿನ ಮೈದಾನಕ್ಕೇ ಬಾರದಿದ್ದ ಇನ್ನೊಬ್ಬಳ ಪೂರ್ತಿ ಹೆಸರು ಅಚ್ಚಾಯಿತು.

ಗೆದ್ದವಳು ನಮ್ಮೂರಿನವಳೇ. ಸಂಜೆ ಅವರ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಅದೇ ದಿನದ ಪತ್ರಿಕೆಯ ಐದು ಪ್ರತಿ, ಬಂಧುಗಳಿಗೆ ಕೊಡಲು ತರಿಸಿದ್ದು. "ಪೇಪರಿನವರಿಗೆ ಗೊತ್ತಾಗ್ಲಿಲ್ಲ ಅಂತ ಕಾಣ್ತದೆ ಸರ್. ಅವರಿಗೆ ಎಷ್ಟು ಊರಿನ ಸುದ್ದಿಯೋ ಏನೋ, ಪಾಪ" ಎಂದು ಹೇಳಿ, ಬೆಲ್ಲ ನೀರು ತಂದುಕೊಟ್ಟರು. ತಪ್ಪು ಪೇಪರಿನವರದ್ದಲ್ಲ, ನನ್ನದು ಎಂದು ಹೇಳುವುದಕ್ಕೇ ಹೋದವನು ಬೆಲ್ಲ ತಿಂದು, ನೀರು ಕುಡಿದು, ಹೇಳದೆ ಎದ್ದು ಬಂದೆ. ಮರುದಿನ ತಿದ್ದುಪಡಿಗೆಂದು ಪತ್ರಿಕೆಗೆ ಫೋನ್ ಮಾಡಿದೆ. ಎರಡು ಸಾಲಿನ ತಿದ್ದುಪಡಿ ಒಳಪುಟದಲ್ಲಿ ಬಂತು. ಅದನ್ನು ಯಾರೂ ಐದು ಪ್ರತಿ ತರಿಸಲಿಲ್ಲ.

ಆಮೇಲೆ ಒಂದು ಪದ್ಧತಿ ಮಾಡಿದೆ. ವರ್ಷದ ಮೊದಲ ವಾರ ಪ್ರತಿಯೊಬ್ಬ ಆಟಗಾರನೂ ಒಂದು ಕಾರ್ಡಿನಲ್ಲಿ ತನ್ನ ಹೆಸರು, ಇನಿಶಿಯಲ್, ಊರು, ತರಗತಿ, ಸ್ಪರ್ಧೆ ಎಲ್ಲವನ್ನೂ ತನ್ನ ಕೈಯಿಂದಲೇ ಕನ್ನಡದಲ್ಲಿ ಬರೆದುಕೊಡಬೇಕು. ಉಪನಾಮ ಬೇಕೋ ಬೇಡವೋ ಎಂಬುದನ್ನೂ ಅವರೇ ತೀರ್ಮಾನಿಸಬೇಕು. ನನ್ನ ಆದರ್ಶ ನನ್ನ ಹೆಸರಿಗೆ ಮಾತ್ರ.

3. ಅಂಕಿ ಬರೆಯುವ ಮೊದಲು ಗಡಿಯಾರ ಹಿಡಿದವರು ಯಾರೆಂದು ಕೇಳಬೇಕು.

ನಮ್ಮ ಕ್ರೀಡಾಕೂಟದಲ್ಲಿ ಒಬ್ಬ ಹುಡುಗ ನೂರು ಮೀಟರನ್ನು 10.8 ಸೆಕೆಂಡಿನಲ್ಲಿ ಓಡಿದ. ಅಂತರ ಕಾಲೇಜು ದಾಖಲೆ 10.92 ಎಂದು ಎಲ್ಲೋ ಓದಿದ್ದೆ. ಕಡಿಮೆ ಇದ್ದದ್ದು ಮೇಲು ಎಂಬಷ್ಟು ಜ್ಞಾನ ನನಗೂ ಇತ್ತು. "ದಾಖಲೆ ಧೂಳೀಪಟ" ಎಂದು ಬರೆದು ಕಳಿಸಿದೆ. ಬೆಳಿಗ್ಗೆ ಆರು ಗಂಟೆಗೆ ಒಬ್ಬ ನಿವೃತ್ತ ತರಬೇತುದಾರರ ಫೋನ್. ಮೂರೇ ಪ್ರಶ್ನೆ. "ಎಷ್ಟು ವಾಚ್ ಇತ್ತು ಸರ್?" ಒಂದು. "ಮೈದಾನ ಸಮತಟ್ಟಾ?" ಇಲ್ಲ, ಅಡಿಕೆ ತೋಟದ ಕಡೆಗೆ ಇಳಿಜಾರು, ಓಟವೂ ಆ ಕಡೆಗೇ. "ಗಾಳಿ ಅಳೆದಿದ್ದೀರಾ?" ನಾನು ಪ್ರಾಮಾಣಿಕವಾಗಿ ಹೇಳಿದೆ: "ಗಾಳಿ ಇತ್ತು ಸರ್, ಒಳ್ಳೆ ಗಾಳಿ."

ಅವರು ಬೈಯಲಿಲ್ಲ, ಪಾಠ ಮಾಡಿದರು. ಕೈಯಲ್ಲಿ ಒತ್ತುವ ಗಡಿಯಾರದ ಲೆಕ್ಕಕ್ಕೆ ಮೂವರು ಇರಬೇಕು. ಇಬ್ಬರದ್ದು ಒಂದೇ ಬಂದರೆ ಅದು, ಮೂವರದ್ದೂ ಬೇರೆಯಾದರೆ ನಡುವಿನದ್ದು. ಬಂದೂಕಿನ ಸದ್ದಿಗೆ ಬೆರಳು ತುಸು ತಡವಾಗಿ ಒತ್ತುವುದರಿಂದ ಕೈಯ ಲೆಕ್ಕ ಯಾವಾಗಲೂ ಓಟಗಾರನ ಪರ. ಅದನ್ನು ಯಂತ್ರದ ಲೆಕ್ಕದ ಜತೆ ಹೋಲಿಸುವಾಗ ನೂರು ಮೀಟರಿಗೆ 0.24 ಸೆಕೆಂಡ್ ಸೇರಿಸುವುದು ರೂಢಿ. ಹಾಗಾಗಿ ನನ್ನ 10.8 ಎಂದರೆ 11.04, 10.92 ಯಂತ್ರ ಅಳೆದದ್ದು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಇಲ್ಲ. ಓಡುವ ದಿಕ್ಕಿಗೆ ಇಳಿಜಾರು ಸಾವಿರಕ್ಕೆ ಒಂದನ್ನು ಮೀರುವಂತಿಲ್ಲ. ಧೂಳೀಪಟವಾದದ್ದು ಯಾವುದೆಂದು ನನಗೆ ಗೊತ್ತಾಯಿತು.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಸುದ್ದಿ ದೇಶವೆಲ್ಲ ಓಡಿದಾಗ ಈ ಪಾಠ ನೆನಪಾಯಿತು. ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಕಟಪಾಡಿಯ ಕಂಬಳ ನೋಡಿಕೊಂಡೇ ಬೆಳೆದವನು ನಾನು. ಕೋಣಗಳ ಎಳೆತ ಎಂಥದ್ದು, ಕೆಸರಿನಲ್ಲಿ ಕಾಲೂರುವುದು ಎಷ್ಟು ಕಷ್ಟ, ಎರಡೂ ಗೊತ್ತು. ಸರಾಸರಿಯೇ ಬೇರೆ, ನಿಂತಲ್ಲಿಂದ ಹೊರಟು ಮುಟ್ಟಿದ ಸಮಯವೇ ಬೇರೆ. ಟ್ರ್ಯಾಕಿನಲ್ಲಿ ಪರೀಕ್ಷೆಗೆ ಬನ್ನಿ ಎಂದು ಕರೆ ಬಂದರೂ ಗೌಡರು ಹೋಗಲಿಲ್ಲ. ಅಂಕಿ ಬರೆದ ನಮಗಿಂತ ಓಡಿದವರಿಗೇ ತಮ್ಮ ಓಟ ಯಾವುದೆಂದು ಸರಿಯಾಗಿ ಗೊತ್ತಿತ್ತು. ಆ ವಾರ ನನ್ನ ವಿದ್ಯಾರ್ಥಿಗಳು "ನೀವಾಗಿದ್ದರೆ ಹೇಗೆ ಬರೆಯುತ್ತಿದ್ದಿರಿ ಸರ್?" ಎಂದು ಕೇಳಿದರು. 2002ರ ನಾನಾಗಿದ್ದರೆ ಬೋಲ್ಟನನ್ನು ಕೆಸರಿಗೇ ಇಳಿಸುತ್ತಿದ್ದೆ ಎಂದೆ.

4. ಕಟ್ಟೆಗೆ ಹೊತ್ತಿಗೆ ಮುಟ್ಟದ ಹೂವು ಮನೆಯ ದೇವರಿಗೇ.

ಶಂಕರಪುರದ ಸುತ್ತಿನ ಎಲ್ಲ ಮನೆಗಳ ಹಾಗೆ ನಮ್ಮ ಮನೆಯಲ್ಲೂ ಮಲ್ಲಿಗೆ ಗಿಡಗಳು. ಅಮ್ಮ ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಹೊತ್ತು ನೋಡಿಕೊಂಡು ಹೂವು ಕೊಳ್ಳುವ ಕಟ್ಟೆಗೆ ಕಳಿಸುತ್ತಿದ್ದಳು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಷ್ಟು ಚಂದ ಕಟ್ಟಿದ್ದರೂ ಹೊತ್ತು ಮೀರಿದರೆ ಅಂದಿನ ದರ ಇಲ್ಲ, ಆ ಹೂವು ಮನೆಯ ದೇವರಿಗೇ ಎನ್ನುತ್ತಿದ್ದಳು. ಇದನ್ನು ಬಾಲ್ಯದಿಂದ ಕಂಡವನಿಗೆ ಡೆಡ್‌ಲೈನ್ ಎಂದರೇನೆಂದು ಬೇರೆಯವರು ಕಲಿಸಬೇಕಾಗಿರಲಿಲ್ಲ. ಆದರೂ ಕಲಿಯಬೇಕಾಯಿತು.

ಉದಯವಾಣಿ 1970ರಿಂದ ಮಣಿಪಾಲದಲ್ಲೇ ಅಚ್ಚಾಗುವ ಪತ್ರಿಕೆ. ಅಚ್ಚಿನ ಮನೆ ಇಷ್ಟು ಹತ್ತಿರ ಇದೆಯಲ್ಲ, ರಾತ್ರಿ ಎಷ್ಟು ಹೊತ್ತಿಗಾದರೂ ಸುದ್ದಿ ಕೊಡಬಹುದು ಎಂಬುದು ನನ್ನ ಭ್ರಮೆ. ಸಂಜೆ ಐದಕ್ಕೆ ಮುಗಿದ ಕೂಟದ ವರದಿಗೆ ಪೀಠಿಕೆ ಹೊಸೆಯುತ್ತ ಎಂಟು ಗಂಟೆ ಮಾಡಿದೆ. ಆಗೆಲ್ಲ ಸುದ್ದಿಯ ಕವರನ್ನು ಬಸ್ಸಿನವರ ಕೈಗೆ ಕೊಡುವುದೇ ನಮ್ಮ ಕಡೆಯ ಅಂಚೆ. ಕೊನೆಯ ಬಸ್ಸಿನ ಕಂಡಕ್ಟರಿಗೆ ಕೊಟ್ಟೆ. ಉಡುಪಿಯಲ್ಲಿ ಇಳಿಸಬೇಕಾದ ಕವರು ಡ್ರೈವರಿನ ಎದುರಿನ ದೇವರ ಫೋಟೋದ ಹಿಂದೆಯೇ ಉಳಿದು, ಮರುದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ನನ್ನ ಜತೆಯಲ್ಲೇ ಕಾಲೇಜಿಗೆ ಬಂತು. ಅಮ್ಮನ ಮಾತೇ ಸರಿ, ಹೂವು ದೇವರಿಗೆ ಸಂದಿತ್ತು.

ಇ-ಮೇಲ್ ಬಂದ ಮೇಲೆ ಈ ತೊಂದರೆ ಹೋಗಿ ಇನ್ನೊಂದು ಬಂತು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ನೇರ ಮೇಲ್‌ನಲ್ಲಿ ಅಂಟಿಸಿ ಕಳಿಸಿದೆ. ಆ ಕಡೆ ತೆರೆದಾಗ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಚಿತ್ರವಿಚಿತ್ರ ಚಿಹ್ನೆ. "ಸರ್, ನೀವು ಕನ್ನಡ ಮೇಷ್ಟ್ರಲ್ವಾ? ಇದು ಯಾವ ಭಾಷೆ?" ಎಂದು ಡೆಸ್ಕಿನ ಹುಡುಗ ಕೇಳಿದ. ಯಾವ ಪತ್ರಿಕೆಗೆ ಯಾವ ಫಾಂಟು ಎಂದು ಒಂದು ಚೀಟಿ ಬರೆದು ಕಪಾಟಿಗೆ ಅಂಟಿಸಿದೆ. ಯುನಿಕೋಡ್ ಬಳಕೆಗೆ ಬರುವವರೆಗೆ ನನ್ನ ಕಚೇರಿಯ ಅತಿ ಬೆಲೆಬಾಳುವ ಕಾಗದ ಆ ಚೀಟಿಯೇ.

5. ಛಾಯಾಗ್ರಾಹಕರಿಗೆ ಆಮಂತ್ರಣ ಪತ್ರಿಕೆ ಬೇಡ, ನಿಲ್ಲಲು ಜಾಗ ಬೇಕು.

ಬಣ್ಣದ ಕಾರ್ಡು ಕಳಿಸಿ ಕರೆದೆ. ಬಂದವರನ್ನು ಶಾಮಿಯಾನದ ಮೊದಲ ಸಾಲಿನಲ್ಲಿ ಗೌರವದಿಂದ ಕೂರಿಸಿದೆ. ಅಲ್ಲಿಂದ ಕಾಣುತ್ತಿದ್ದದ್ದು ಅತಿಥಿಗಳ ಮುಖ ಮಾತ್ರ. ಓಟ ಮುಗಿಯುವ ಗೆರೆ ಮೈದಾನದ ಆಚೆ ತುದಿಯಲ್ಲಿ. ಓಡಿಕೊಂಡು ಅಲ್ಲಿ ಮುಟ್ಟಿದವರಿಗೆ ಸಂಜೆಯ ಬಿಸಿಲು ಎದುರಿಗೆ, ಚಿತ್ರವೆಲ್ಲ ಕಪ್ಪು. ಆಮೇಲೆ ಕೂಟದ ಹಿಂದಿನ ದಿನ ಅದೇ ಹೊತ್ತಿಗೆ ಗೆರೆಯ ಬಳಿ ನಿಂತು, ಬಿಸಿಲು ಬೆನ್ನಿಗೆ ಬರುವ ಕಡೆ ಸುಣ್ಣದಲ್ಲಿ ಒಂದು ಚೌಕ ಎಳೆಸುತ್ತಿದ್ದೆ. ಪಕ್ಕದಲ್ಲಿ ಒಂದು ಕೊಡ ನೀರು, ಸ್ಪರ್ಧೆಗಳ ಸಮಯದ ಪಟ್ಟಿ, ಎದೆಯ ನಂಬರಿನ ಎದುರು ಹೆಸರು ಬರೆದ ಹಾಳೆ. ಖರ್ಚು ಬಣ್ಣದ ಕಾರ್ಡಿಗಿಂತ ಕಡಿಮೆ.

6. ಸೋತ ದಿನ ಫೋನ್ ಆಫ್ ಮಾಡಬಾರದು.

4x100 ರಿಲೇಯಲ್ಲಿ ನಮ್ಮ ಹುಡುಗಿಯರು ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದರು. ಚಪ್ಪಾಳೆ ಇಳಿಯುವ ಮೊದಲೇ ಅನರ್ಹ ಎಂಬ ಘೋಷಣೆ ಬಂತು: ಮೂರನೇ ಬದಲಾವಣೆಯಲ್ಲಿ ಬ್ಯಾಟನ್ ಕೈ ಬದಲಾಯಿಸಿದ್ದು ವಲಯದ ಆಚೆ. ಆಗ ವಲಯ 20 ಮೀಟರ್ ಮಾತ್ರ. ಅದಕ್ಕೆ ಹಿಂದಿನ ಹತ್ತು ಮೀಟರನ್ನೂ ಸೇರಿಸಿ 30 ಮಾಡಿದ್ದು ಎಷ್ಟೋ ವರ್ಷಗಳ ಮೇಲೆ. ಗೆದ್ದಾಗ ಗಂಟೆಗೊಮ್ಮೆ ವರದಿಗಾರರಿಗೆ ಕರೆ ಮಾಡುತ್ತಿದ್ದ ನಾನು ಅಂದು ಫೋನ್ ಆಫ್ ಮಾಡಿ ಮನೆಗೆ ಹೋದೆ. ಹೇಳುವವರಿಲ್ಲದಿದ್ದಾಗ ಗಾಳಿಮಾತು ಹೇಳುತ್ತದೆ. ಮರುದಿನ ತಂಡದೊಳಗೆ ಜಗಳ, ಅದಕ್ಕೇ ಸೋಲು ಎಂಬಂಥ ಸುದ್ದಿ ಬಂತು. ಬ್ಯಾಟನ್ ಕೊಟ್ಟವಳೂ ಪಡೆದವಳೂ ಒಂದೇ ಬೆಂಚಿನಲ್ಲಿ ಕೂರುವ ಗೆಳತಿಯರು. ಒಂದು ವಾರ ಇಬ್ಬರೂ ತಲೆ ಎತ್ತಲಿಲ್ಲ. ನಾನು ಎರಡು ನಿಮಿಷ ಮಾತಾಡಿ, ಅಂಗುಲದ ಲೆಕ್ಕದ ತಪ್ಪು ಎಂದಿದ್ದರೆ ಮುಗಿಯುತ್ತಿತ್ತು. ಒಬ್ಬ ಹಿರಿಯ ವರದಿಗಾರರು ಮೆಲ್ಲನೆ ಹೇಳಿದರು: "ಗೆದ್ದಾಗ ನಮಗೆ ನಿಮ್ಮ ಅಗತ್ಯ ಇಲ್ಲ ಮಾರಾಯ್ರೆ. ಸೋತಾಗಲೇ ನೀವು ಬೇಕಾದ್ದು."

7. ಬಡತನವನ್ನು ಅವರ ಅಪ್ಪಣೆಯಿಲ್ಲದೆ ಮಾರಬಾರದು.

ಗುಂಡೆಸೆತದಲ್ಲಿ ಒಬ್ಬಳು ಚಿನ್ನ ಗೆದ್ದಳು. ಸಾದಾ ಫಲಿತಾಂಶಕ್ಕೆ ಎರಡು ಸಾಲು ಸಿಗುತ್ತದೆ, ಕಥೆಯಿದ್ದರೆ ಅರ್ಧ ಪುಟ ಎಂದು ಅಷ್ಟರಲ್ಲಿ ನಾನು ಕಲಿತಿದ್ದೆ. "ಕೂಲಿಯಾಳಿನ ಮಗಳ ಕೈಯಲ್ಲಿ ಚಿನ್ನದ ಗುಂಡು" ಎಂದು ನಾನೇ ಶೀರ್ಷಿಕೆ ಕೊಟ್ಟು ಬರೆದೆ. ಹಂಚಿನ ಮನೆ, ಸೋರುವ ಮಾಡು, ಗಂಜಿ ಊಟ, ಎಲ್ಲ ಹಾಕಿದೆ. ಅರ್ಧ ಪುಟ ಬಂತು. ಕಾಲೇಜಿನಲ್ಲಿ ನನ್ನನ್ನು ಅಭಿನಂದಿಸಿದರು. ಹುಡುಗಿ ನಾಲ್ಕು ದಿನ ಅಭ್ಯಾಸಕ್ಕೆ ಬರಲಿಲ್ಲ.

ಐದನೆಯ ದಿನ ನನ್ನ ಎದುರು ನಿಂತು ಹೇಳಿದಳು: "ನನ್ನ ಅಪ್ಪ ಕೂಲಿ ಅಲ್ಲ ಸರ್. ಗಾರೆ ಮೇಸ್ತ್ರಿ. ಅವರ ಕೈಕೆಳಗೆ ಆರು ಜನ ಇದ್ದಾರೆ." ಸ್ವಲ್ಪ ಹೊತ್ತು ಬಿಟ್ಟು, "ಮಾಡು ಸೋರುವುದು ನಿಜ, ಆದರೆ ಅದು ಈ ಮಳೆಗಾಲ ಮಾತ್ರ" ಎಂದಳು. ಮೂವತ್ತು ವರ್ಷ ಕರಣೆ ಹಿಡಿದು ಊರಿನ ಅರ್ಧ ಮನೆಗಳಿಗೆ ಗಾರೆ ಮಾಡಿದ ಮನುಷ್ಯನ ವೃತ್ತಿಯನ್ನು ನಾನು ಒಂದು ಶೀರ್ಷಿಕೆಗಾಗಿ ಕಸಿದಿದ್ದೆ. ಅವಳು ನಾಲ್ಕು ಕಿಲೋದ ಗುಂಡನ್ನು ಅಷ್ಟು ದೂರ ಎಸೆದದ್ದು ಹೇಗೆ, ಬೆನ್ನನ್ನು ಹೇಗೆ ತಿರುಗಿಸಿದಳು, ಎಷ್ಟು ಬೆಳಗುಗಳನ್ನು ಇದಕ್ಕೆ ಕೊಟ್ಟಳು ಎಂಬ ಒಂದು ವಾಕ್ಯವೂ ನನ್ನ ಅರ್ಧ ಪುಟದಲ್ಲಿರಲಿಲ್ಲ. ಆಮೇಲೆ ಮನೆಯ ವಿಷಯ ಬರೆಯುವುದಿದ್ದರೆ ಮೊದಲು ಅವರಿಗೆ ಓದಿ ಹೇಳುತ್ತಿದ್ದೆ. ಬೇಡ ಎಂದದ್ದನ್ನು ಅವರೆದುರೇ ಹೊಡೆದುಹಾಕುತ್ತಿದ್ದೆ. ಎಷ್ಟೋ ಅರ್ಧ ಪುಟಗಳು ಹಾಗೆ ಎರಡು ಸಾಲಾದವು.

8. ಊರಿನ ಹೆಸರು ಸಣ್ಣದೆಂದು ಬಿಡಬಾರದು.

ಓದುವವರಿಗೆ ಸುಲಭವಾಗಲಿ ಎಂದು ನಾನು ಎಲ್ಲರನ್ನೂ "ಉಡುಪಿಯ" ಎಂದೇ ಬರೆಯುತ್ತಿದ್ದೆ. ಒಮ್ಮೆ ಮನಸ್ಸು ಬದಲಾಯಿಸಿ, ಕೈಬರಹದಲ್ಲಿ "ಇನ್ನಂಜೆಯ" ಎಂದು ಬರೆದೆ. ನನ್ನ ಅಕ್ಷರ ನೋಡಿದವರು ಅದನ್ನು "ಇನ್ನಾದ" ಎಂದು ಓದಿದರು. ಕಾರ್ಕಳ ತಾಲೂಕಿನಲ್ಲಿ ಇನ್ನಾ ಎಂಬ ಊರು ಬೇರೆಯೇ ಇದೆ. ಗೆದ್ದ ಹುಡುಗಿಗೆ ಊರೂ ಹೋಯಿತು. ಎರಡನೇ ಪಾಠದ ಅದೇ ಹುಡುಗಿ, ಅದೇ ಸುದ್ದಿ. ಹೆಸರು ತಪ್ಪಿದ್ದು ಚಿತ್ರದ ಕೆಳಗೆ, ಊರು ತಪ್ಪಿದ್ದು ವರದಿಯಲ್ಲಿ. ಒಂದೇ ದಿನ ಎರಡು ಸಾಧನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಇಲ್ಲಿಯವರೆಗೆ ಮುಂದೂಡಿದೆ.

ಊರಿನ ಹೆಸರಿನ ತೂಕ ನನಗೆ ನಿಜವಾಗಿ ಗೊತ್ತಾದದ್ದು 2010ರಲ್ಲಿ. ಅಶ್ವಿನಿ ಅಕ್ಕುಂಜಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ತಂಡದಲ್ಲಿ, ಆಮೇಲೆ ಗುವಾಂಗ್‌ಝೌ ಏಷ್ಯಾಡ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದಾಗ ಸಿದ್ದಾಪುರದ ಬಳಿಯ ಜನ್ಸಾಲೆ ಪತ್ರಿಕೆಯ ಮುಖಪುಟಕ್ಕೆ ಬಂತು. 2018ರಲ್ಲಿ ಗೋಲ್ಡ್‌ಕೋಸ್ಟ್‌ನಲ್ಲಿ ಗುರುರಾಜ ಪೂಜಾರಿ ಒಟ್ಟು 249 ಕಿಲೋ ಎತ್ತಿ ಆ ಸಲದ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದಾಗ ವಂಡ್ಸೆ ಬಂತು. ಆ ವರ್ಷವೇ ಕಾಪು ತಾಲೂಕಾಗಿ, ಇನ್ನಂಜೆಯೂ ಅದಕ್ಕೆ ಸೇರಿತು. ಅದುವರೆಗೆ ದೂರದವರಿಗೆ ನಮ್ಮೂರು ಕೊಂಕಣ ರೈಲಿನ ಕಿಟಕಿಯಿಂದ ಕಂಡು ಮಾಯವಾಗುವ ಒಂದು ಬೋರ್ಡು. ಒಬ್ಬ ಹುಡುಗಿ ಗೆದ್ದ ದಿನ ಆ ಬೋರ್ಡಿನ ಹೆಸರನ್ನು ಸರಿಯಾಗಿ ಬರೆಯುವುದು ನನ್ನಿಂದಾಗಲಿಲ್ಲ.

9. ಕಟಿಂಗ್ ಬೇರೆ, ದಾಖಲೆ ಬೇರೆ.

ಹದಿನೆಂಟು ವರ್ಷ ನಾನು ನಿಷ್ಠೆಯಿಂದ ಮಾಡಿದ ಒಂದೇ ಕೆಲಸ ಎಂದರೆ ಕಟಿಂಗ್ ಅಂಟಿಸುವುದು. ಫಲಿತಾಂಶದ ಮೂಲ ಹಾಳೆಗಳನ್ನು, ಅಂಪೈರುಗಳು ಸಹಿ ಹಾಕಿದ್ದನ್ನು, ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ಕಟ್ಟಿಟ್ಟು ಮರೆತಿದ್ದೆ. ನಿವೃತ್ತಿಗೆ ಸ್ವಲ್ಪ ಮೊದಲು, 800 ಮೀಟರ್ ಗೆದ್ದಿದ್ದ ಆ ಹಳೆಯ ಓಟಗಾರ್ತಿಯೇ ಫೋನ್ ಮಾಡಿದಳು. ಯಾವುದೋ ಕೆಲಸದ ಅರ್ಜಿಗೆ ಅಂದಿನ ಓಟದ ವಿವರ ಬೇಕಿತ್ತು. ಕೆಳಗಿನ ಅರೆ ತೆರೆದೆ. ನಮ್ಮ ಕಡೆಯ ಮಳೆಗಾಲವೂ ಗೆದ್ದಲೂ ಸೇರಿ ಹಾಳೆಗಳನ್ನು ಮಣ್ಣು ಮಾಡಿದ್ದವು. ಮೇಲಿನ ಅರೆಯ ಫೈಲಿಗೂ ಗೆದ್ದಲು ಹತ್ತಿತ್ತು. ಆ ವರ್ಷದ ಪುಟಗಳೇ ಇರಲಿಲ್ಲ. ಹೊಸಬರಿಗೆ ನಾನು ಹೇಳುವುದಿಷ್ಟೇ: ಫಲಿತಾಂಶದ ಹಾಳೆಯನ್ನು ಅಂದೇ ಸ್ಕ್ಯಾನ್ ಮಾಡಿ, ಎರಡು ಕಡೆ ಇಡಿ. ಕಟಿಂಗ್ ಆಮೇಲೆ ಅಂಟಿಸಿದರೂ ಆಗುತ್ತದೆ.

ಕಟಿಂಗಾದರೂ ಸಿಗಲಿ ಎಂದು ಮತ್ತೆ ಅವರ ಮನೆಗೆ ಹೋದೆ. ಈ ಸಲ ಜಗಲಿ ಹತ್ತುತ್ತಲೇ, ಅಂದಿನ ತಪ್ಪು ಪೇಪರಿನವರದ್ದಲ್ಲ, ನನ್ನದು ಎಂದು ಹೇಳಿಬಿಟ್ಟೆ. ತಾಯಿ, "ಅದು ಅವತ್ತೇ ಗೊತ್ತಿತ್ತು ಸರ್. ನೀವು ಬೆಲ್ಲ ತಿನ್ನುವಾಗ ಮುಖ ಎತ್ತಲಿಲ್ಲ" ಎಂದು ಹೇಳಿ ಒಳಗಿನಿಂದ ಲ್ಯಾಮಿನೇಷನ್ ಮಾಡಿಸಿದ ಕಟಿಂಗ್ ತಂದರು. ಲ್ಯಾಮಿನೇಷನ್‌ಗೆ ಮೊದಲೇ ಯಾರೋ ಬಾಲ್ ಪೆನ್ನಿನಲ್ಲಿ ಚಿತ್ರದ ಕೆಳಗಿನ ಹೆಸರನ್ನು ಹೊಡೆದು ಮಗಳ ಹೆಸರು ಬರೆದಿದ್ದರು. ವರದಿಯಲ್ಲಿ ಇನ್ನಾ ಎಂದಿದ್ದಲ್ಲಿ ಇನ್ನಂಜೆ ಮಾಡಿದ್ದರು. ಓಟದ ಸಮಯವನ್ನು ಮಾತ್ರ ತಿದ್ದಿರಲಿಲ್ಲ. ಅದು ಸರಿಯಾಗಿತ್ತೋ ಇಲ್ಲವೋ ಎಂದು ಹೇಳಬೇಕಾಗಿದ್ದ ಹಾಳೆಯನ್ನು ಗೆದ್ದಲು ತಿಂದಿತ್ತು.